ನಾನು ಬರೆದ ಕುದುರೆ ಸವಾರರು

ಮೊನ್ನೆ ಸೋಮವಾರ ನಮ್ಮ ಊಟದ ಮೇಜಿನ ಮೇಲೆ ಮೇಘನಾ ಒಂದು ಚಿತ್ರ ಹರವಿ, ಕನ್ನಡಕ ಸರಿಮಾಡಿಕೊಂಡು, ಗಂಭೀರವಾಗಿ ಕೇಳಿದಳು: "ಅಮ್ಮಾ, ಇದಕ್ಕೆಷ್ಟು ವಯಸ್ಸಾಗಿರಬಹುದು? ಶೈಲಿ ನೋಡಿದ್ರೆ ಮುನ್ನೂರು ವರ್ಷಕ್ಕೆ ಕಡಿಮೆ ಇಲ್ಲ ಅನ್ಸುತ್ತೆ."

ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ನನ್ನ ಹಿರಿ ಮಗಳಿಗಿಂತ ಎರಡು ವರ್ಷ ಚಿಕ್ಕದು.

ಕಾಫಿ ಬಿಸಿ ಮಾಡುವ ನೆಪದಲ್ಲಿ ಅಡುಗೆಮನೆಗೆ ಹೋದವಳು ಗ್ಯಾಸ್ ಹಚ್ಚುವುದನ್ನೂ ಮರೆತು ಒಲೆಯ ಮುಂದೆ ನಿಂತುಬಿಟ್ಟೆ. ಬಿ.ಪಿ. ಮಾತ್ರೆ ಬೆಳಗ್ಗೆ ತಗೊಂಡಿದ್ದೆನೋ ಇಲ್ಲವೋ, ಅದೂ ನೆನಪಾಗಲಿಲ್ಲ.

ಮೇಘನಾ ಬೆಂಗಳೂರಿನ ಹುಡುಗಿ, ನಮ್ಮ ಮನೆಯಲ್ಲಿ ಇಳಿದುಕೊಂಡು ಪಿಎಚ್‌ಡಿ ಮಾಡುತ್ತಿದ್ದಾಳೆ. ಗಡಿಸೀಮೆಯ ಚರಿತ್ರೆ ಮತ್ತು ಅಲ್ಲಿಯ ಜನ ತಮ್ಮ ಬಗ್ಗೆ ತಾವೇ ಕಟ್ಟಿಕೊಂಡ ಚಿತ್ರಗಳು, ಇದು ಅವಳ ವಿಷಯ. ಚಿತ್ರ ಅಂದರೆ ಮ್ಯೂಸಿಯಂನಲ್ಲಿರುವುದಲ್ಲ. ಕ್ಯಾಲೆಂಡರು, ಮದುವೆ ಕಾರ್ಡು, ಲಾರಿಯ ಹಿಂಬದಿ, ಫ್ಲೆಕ್ಸು. ನಾವೆಲ್ಲ ಮಳೆಗಾಲದಲ್ಲಿ ಸೌದೆ ಮುಚ್ಚಲು ಬಳಸುವ ಫ್ಲೆಕ್ಸನ್ನು ಈ ಮಗು ಮಡಿಸಿ ಎದೆಗವುಚಿಕೊಂಡು ಬರುತ್ತಾಳೆ!

ಅವಳಿಗೆ ನಮ್ಮ ಗೂಡಲೂರಿಗಿಂತ ಒಳ್ಳೆಯ ಜಾಗ ಎಲ್ಲಿ ಸಿಗಬೇಕು? (ನೀವು ಊಟಿಗೆ ಹೋಗುವಾಗ ಸಿಗುವ ಗೂಡಲೂರಲ್ಲ, ಮಹರಾಯರೇ. ಇದು ತೇನಿ ಕಡೆಯದು, ಕಂಬಂ ಕಣಿವೆಯ ಕೊನೆಯ ಊರು.) ಇಲ್ಲಿಂದ ಘಾಟ್ ಹತ್ತಿದರೆ ಕುಮಿಳಿ, ಕೇರಳ. ಬೆಳಗಾದರೆ ಏಲಕ್ಕಿ ತೋಟಕ್ಕೆ ಆಳುಗಳನ್ನು ತುಂಬಿಕೊಂಡ ಜೀಪುಗಳು ಮೇಲಕ್ಕೆ ಹೋಗುತ್ತವೆ, ಸಂಜೆ ಕೆಳಕ್ಕೆ ಬರುತ್ತವೆ. ಬೀದಿಯಲ್ಲಿ ತಮಿಳು, ಚೆಕ್‌ಪೋಸ್ಟಿನಲ್ಲಿ ಮಲಯಾಳ, ನಮ್ಮ ಮನೆಗಳೊಳಗೆ ಕನ್ನಡ. ಎಷ್ಟೋ ನೂರು ವರ್ಷದ ಹಿಂದೆ ದನ ಹೊಡೆದುಕೊಂಡು ಬಂದವರು ನಾವು. ಮಾತು ಉಳಿಸಿಕೊಂಡೆವು, ಅಕ್ಷರವನ್ನು ದಾರಿಯಲ್ಲೆಲ್ಲೋ ಬಿಟ್ಟುಬಂದೆವು. ನಮ್ಮವರಿಗೆ ಕನ್ನಡ ಓದಲು ಬರುವುದಿಲ್ಲ. ನನಗೆ ಬರುತ್ತದೆ ಅಂದರೆ ಅದು ಮೈಸೂರಿನಿಂದ ಇಲ್ಲಿನ ಬ್ಯಾಂಕಿಗೆ ವರ್ಗವಾಗಿ ಬಂದು ನನ್ನನ್ನು ಮದುವೆಯಾದ ಮನುಷ್ಯನ ಪುಣ್ಯ. (ಹಳೆಯ ಓದುಗರಿಗೆ ಆ ಕಥೆ ಬೋರ್ ಹೊಡೆಯುವಷ್ಟು ಗೊತ್ತು.)

ಈಗ ಆ ಚಿತ್ರಕ್ಕೆ ಬರೋಣ.

ನಡುವೆ ನದಿ. ಈಚೆ ದಡದಿಂದ ಹೊಂಗೆ ಮರವೊಂದು ಆಚೆ ದಡದವರೆಗೂ ಬಾಗಿದೆ. ಅದರ ಮೇಲೆ ಹೆಂಗಸರು, ಗಂಡಸರು, ದನಕರು ದಾಟುತ್ತಿದ್ದಾರೆ, ಎಲ್ಲರಿಗಿಂತ ಮುಂದೆ ಒಬ್ಬ ಹುಡುಗಿ. ಹಿಂದೆ, ದೂರದ ದಡದಲ್ಲಿ, ಕುದುರೆ ಸವಾರರ ದಂಡು. ದಂಡಿನ ಒಡೆಯನಿಗೆ ಪೇಟ, ಗಡ್ಡ, ಕೈಯಲ್ಲಿ ಹಸಿರು ಬಾವುಟ.

ಕಥೆ ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಒಬ್ಬ ಅರಸು ನಮ್ಮ ಹೆಣ್ಣು ಕೇಳಿದ. ಕೊಡಲು ಮನಸ್ಸಿಲ್ಲದೆ ಊರಿಗೆ ಊರೇ ಎದ್ದು ಹೊರಟಿತು. ಹೊಳೆ ತುಂಬಿತ್ತು. ದಡದ ಹೊಂಗೆ ಮರ ಬಾಗಿ ಸೇತುವೆಯಾಯಿತು. ಅದಕ್ಕೇ ಇವತ್ತಿಗೂ ನಮ್ಮ ಮನೆಗಳಲ್ಲಿ ಮದುವೆ ಚಪ್ಪರಕ್ಕೆ ಮೊದಲು ನೆಡುವುದು ಹೊಂಗೆ ಕೊಂಬೆ. ನೆಟ್ಟ ಮೇಲೆ ಮುದುಕಿಯರು ಸುತ್ತ ಕೂತು ದಾರಿಯ ಹಾಡು ಹೇಳುತ್ತಾರೆ. ಯಾವ ಹೊಳೆ ದಾಟಿದೆವು, ಯಾವ ಬೆಟ್ಟದ ಕೆಳಗೆ ಹುಲ್ಲು ಸಿಕ್ಕಿತು, ಯಾವ ಮರದಡಿ ಯಾರಿಗೆ ಹೆರಿಗೆಯಾಯಿತು, ಎಲ್ಲ ಉಂಟು. ಅಷ್ಟುದ್ದದ ಹಾಡಿನಲ್ಲಿ ಅರಸನಿಗಿರುವುದು ಒಂದೇ ಸಾಲು.

ಅವನು ಯಾರು? ಯಾವ ಸೀಮೆಯವನು? ಯಾವ ದೇವರಿಗೆ ನಡೆದುಕೊಳ್ಳುತ್ತಿದ್ದ? ಹಾಡು ಹೇಳುವುದಿಲ್ಲ. ನಮ್ಮಜ್ಜಿ ಪಾಳೆಯಗಾರ ಅನ್ನುತ್ತಿದ್ದರು. ಅಜ್ಜಿಯ ತಂಗಿ ತುರುಕರ ದೊರೆ ಅನ್ನುತ್ತಿದ್ದರು. ದೊಡ್ಡತ್ತೆಯಂತೂ ಎಲೆಯಡಿಕೆ ಅಗಿಯುತ್ತ, ನಮ್ಮೋರಲ್ಲೇ ಒಬ್ಬ ಇರಬೇಕು ಅಂದು ನಕ್ಕು ಸುಮ್ಮನಾಗುತ್ತಿದ್ದರು. ಮೂವರೂ ಒಂದೇ ಚಪ್ಪರದಡಿ ಕೂತು ಹಾಡುತ್ತಿದ್ದರು, ಜಗಳವಿರಲಿಲ್ಲ. ಅರಸನಿಗೆ ಮುಖವಿರಲಿಲ್ಲ.

ಮುಖ ಕೊಟ್ಟವಳು ನಾನು.

ಆಗ ನಾನು ದಿಂಡುಗಲ್ಲಿನಲ್ಲಿ, ನಾನು ಓದಿದ ಕಾನ್ವೆಂಟಿನಲ್ಲೇ ಟೀಚರ್. ಊರದೇವಿ ಅಮ್ಮನ ಗುಡಿಯ ಕುಂಭಾಭಿಷೇಕಕ್ಕೆ ಒಂದು ಸ್ಮರಣ ಸಂಚಿಕೆ ತರುವುದೆಂದಾಯಿತು. ದೊಡ್ಡ ಮಾವ ಬಂದು, "ನೀ ಕಾನ್ವೆಂಟ್ನಾಗೆ ಓದ್ದವ್ಳು. ನಮ್ಮ ವರಲಾರ್ಗೆ ಒಂದ್ ಪಡ ಬರ್ದು ಕೊಡು" ಅಂದರು. ವರಲಾರು ಅಂದರೆ ಚರಿತ್ರೆ. ಚರಿತ್ರೆಗೆ ಒಂದು ಚಿತ್ರ! ಕಾನ್ವೆಂಟಿನಲ್ಲಿ ಓದಿದವಳಿಗೆ ಬರುವುದಿಲ್ಲ ಅನ್ನಲು ಆಗುತ್ತದೆಯೇ?

ನನಗೆ ಕುದುರೆ ಬರೆಯಲು ಬರುತ್ತಿರಲಿಲ್ಲ. ಫ್ರಾಂಕ್ಲಿ, ನಾಯಿಯೂ ಬರುತ್ತಿರಲಿಲ್ಲ. ಹ್ಯಾಂಡ್‌ರೈಟಿಂಗಿಗೆ ಪ್ರೈಜ್ ಬಂದಿದ್ದ ಒಂದು ಬಣ್ಣದ ಚಿತ್ರಪುಸ್ತಕ ನನ್ನ ಟ್ರಂಕಿನಲ್ಲಿತ್ತು. ಸಿಸ್ಟರುಗಳು ಹೇಳುತ್ತಿದ್ದ ಬೈಬಲ್ ಕಥೆಗಳದ್ದು. ಅದರಲ್ಲೊಂದು ಪುಟ ಥೇಟ್ ನಮ್ಮದೇ ಕಥೆ: ಸಮುದ್ರ ಇಬ್ಭಾಗವಾಗಿ ದಾರಿ ಬಿಟ್ಟಿದೆ, ಒಂದು ಜನಾಂಗವೇ ದಾಟುತ್ತಿದೆ, ಹಿಂದೆ ಈಜಿಪ್ಟಿನ ದೊರೆಯ ಸೈನ್ಯ. ಟ್ರೇಸಿಂಗ್ ಪೇಪರನ್ನು ಕಿಟಕಿ ಗಾಜಿಗೆ ಒತ್ತಿ ಹಿಡಿದು ಎತ್ತಿಕೊಂಡೆ. ಸಮುದ್ರವನ್ನು ಹೊಳೆ ಮಾಡಿದೆ. ರಥದ ಗಾಲಿ ಸರಿಯಾಗಲಿಲ್ಲ, ಬರೀ ಕುದುರೆ ಇಟ್ಟೆ. ಆ ದೊರೆಯ ತಲೆಯ ಬಟ್ಟೆ ನಮ್ಮ ಕಣ್ಣಿಗೆ ಸ್ನಾನ ಮಾಡಿ ಬಂದ ಹೆಂಗಸು ಟವೆಲ್ ಸುತ್ತಿಕೊಂಡಂತಿತ್ತು, ತೆಗೆದು ಪೇಟ ಮಾಡಿದೆ. ಅವನ ತುದಿಗಡ್ಡವನ್ನು ಸ್ವಲ್ಪ ತುಂಬಿಸಿದೆ. ಮುಂದಿನ ಹುಡುಗಿಗೆ, ನಾನು ಅವತ್ತು ಉಟ್ಟಿದ್ದ ಚಿನ್ನಾಳಪಟ್ಟಿ ಸೀರೆಯನ್ನೇ ಉಡಿಸಿದೆ.

ಹಸಿರು ಬಾವುಟ? ಅದು ನನ್ನದಲ್ಲ. ದಿಂಡುಗಲ್ಲಿನ ಪ್ರೆಸ್ಸಿನಲ್ಲಿ ಕಪ್ಪು ಬಿಟ್ಟರೆ ಎರಡೇ ಇಂಕು, ಕೆಂಪು ಮತ್ತು ಹಸಿರು. ಕೆಂಪು ಹುಡುಗಿಯ ಸೀರೆಗೆ ಹೋಯಿತು. ಉಳಿದದ್ದು ಮರಕ್ಕೂ ಬಾವುಟಕ್ಕೂ ಬಂತು.

ಇಷ್ಟೇ ನಮ್ಮ ಜನಾಂಗದ ಪುರಾತನ ಚಿತ್ರ!

ಅದು ಸಂಚಿಕೆಯಿಂದ ಮದುವೆ ಕಾರ್ಡಿಗೆ ಬಂತು. ಕಾರ್ಡಿನಿಂದ ಕ್ಯಾಲೆಂಡರಿಗೆ, ಅಲ್ಲಿಂದ ತೇವಾರಂ ಕಡೆಯ ದ್ರಾಕ್ಷಿ ಲಾರಿಗಳ ಹಿಂಬದಿಗೆ. ಪ್ರತಿಸಲ ನೋಡಿದಾಗಲೂ ನನಗೊಂದು ಗುಟ್ಟಿನ ಖುಷಿ. ನನ್ನದು, ನನ್ನದು ಅಂತ. ಒಬ್ಬ ಗೆಳತಿಗೆ ಬಿಟ್ಟು ಯಾರಿಗೂ ಹೇಳಲಿಲ್ಲ, ಯಾರೂ ಕೇಳಲಿಲ್ಲ. ದೊಡ್ಡ ಮಾವ ತೀರಿಕೊಂಡ ಮೇಲೆ ಅದನ್ನು ಬರೆದವರು ಯಾರೆಂದು ಬಲ್ಲವರು ನಾನೂ ನನ್ನ ಗೆಳತಿ ಜಮೀಲಾ ಇಬ್ಬರೇ.

ಕಾಫಿ ತಂದಿಟ್ಟಾಗ ಮೇಘನಾ ನೋಟ್ಸ್ ಓದಿ ಹೇಳಿದಳು. ಸೀರೆಯ ಅಂಚಿನಲ್ಲಿ ವಿಜಯನಗರದ ಪ್ರಭಾವವಿದೆಯಂತೆ. ಹೊಳೆಯ ನೀರು ಎರಡೂ ಕಡೆ ಗೋಡೆಯ ಹಾಗೆ ಎದ್ದು ನಿಂತಿರುವುದು ಬೇರೆಲ್ಲೂ ಕಾಣದ, ನಮ್ಮವರದೇ ಕಲ್ಪನೆಯಂತೆ. (ಸಮುದ್ರ ಅಳಿಸುವಾಗ ಅಷ್ಟು ಉಳಿದುಹೋಗಿತ್ತು, ಮೈ ಡಿಯರ್.) ನಗು ಬರಬೇಕಿತ್ತು. ಬರುವುದರೊಳಗೆ ಅವಳು ಫೋನ್ ತೆಗೆದು ಒಂದು ವಿಡಿಯೋ ತೋರಿಸಿದಳು.

ನನ್ನ ಚಿತ್ರ ಚಲಿಸುತ್ತಿತ್ತು.

ಯಾರೋ ನಮ್ಮ ಹುಡುಗರೇ, ಈಗ ಬಂದಿದೆಯಲ್ಲ ಎಐ, ಅದರಲ್ಲಿ ಹಾಕಿ ಜೀವ ಕೊಟ್ಟಿದ್ದಾರೆ. ಕುದುರೆಗಳು ಓಡುತ್ತವೆ, ಹುಡುಗಿ ತಿರುಗಿ ನೋಡುತ್ತಾಳೆ, ಗಡ್ಡದವನು ಹಲ್ಲು ಕಡಿಯುತ್ತಾನೆ. ಬಾವುಟದಲ್ಲಿ ನಾನು ಬರೆಯದ ಚಂದ್ರ ಬಂದು ಕೂತಿದ್ದಾನೆ. ಕೆಳಗೆ ತಮಿಳಿನಲ್ಲಿ ಕಾಮೆಂಟುಗಳು. ಒಬ್ಬ ಬರೆದಿದ್ದ: ಇವನ ಮೊಮ್ಮಕ್ಕಳು ಯಾವ ಬೀದಿಯಲ್ಲಿದ್ದಾರೆ ಅಂತ ನಮಗೆ ಗೊತ್ತು.

ನನಗೂ ಗೊತ್ತು. ಗುಡಿಯ ಎದುರಿನ ಬೀದಿ. ಜಮೀಲಾಳ ಬೀದಿ.

ಮೇಘನಾ ಇನ್ನೊಂದು ಸುದ್ದಿ ಹೇಳಿದಳು. ಗುಡಿಗೆ ಮತ್ತೆ ಕುಂಭಾಭಿಷೇಕ ಬರುತ್ತಿದೆಯಲ್ಲ, ಬೀದಿಯ ಕಡೆಗಿರುವ ಉದ್ದ ಗೋಡೆಗೆ ಈ ಚಿತ್ರವನ್ನು ದೊಡ್ಡದಾಗಿ ಬರೆಸುತ್ತಾರಂತೆ. ಶುಕ್ರವಾರ ಶುರು. ಅವಳಿಗೆ ಅದನ್ನು ಮೊದಲಿನಿಂದ ಶೂಟ್ ಮಾಡುವ ಅವಕಾಶ ಸಿಕ್ಕಿದೆ, ಎಷ್ಟು ಲಕ್ಕಿ ನಾನು ಅಂದಳು.

ಜಮೀಲಾ ನನ್ನ ಕಾನ್ವೆಂಟಿನ ಬೆಂಚ್‌ಮೇಟ್. ತಮಿಳು ಸೀಮೆಯ ಮುಸ್ಲಿಮರಾದ ರಾವುತ್ತರ ಮನೆತನ, ಬೀದಿಯಲ್ಲಿ ಅಕ್ಕಿ ಅಂಗಡಿ. ಈಗ ಅವಳ ಸೊಸೆ ಕೂರುತ್ತಾಳೆ. ಬಾಗಿಲು ತೆಗೆದರೆ ಎದುರಿಗೆ ಗುಡಿಯ ಗೋಡೆ. ನಾಳೆ ಅವಳ ಮೊಮ್ಮಕ್ಕಳು ಸ್ಕೂಲಿಗೆ ಹೊರಟರೆ ಎದುರಿಗೆ ಇಷ್ಟೆತ್ತರದ ಗಡ್ಡದವನು ಹಲ್ಲು ಕಡಿಯುತ್ತಿರುತ್ತಾನೆ. ಬೀದಿಗೆ ಹೊಸದಾಗಿ ಬಂದವನು ಈ ಕಡೆ ಗೋಡೆ ನೋಡುತ್ತಾನೆ, ಆ ಕಡೆ ಅಂಗಡಿ ನೋಡುತ್ತಾನೆ. ಅವನ ತಲೆಯಲ್ಲಿ ಎರಡೂ ಸೇರಲು ಎಷ್ಟು ಹೊತ್ತು ಬೇಕು?

ಬುಧವಾರ ಸಂಜೆ ಕಮಿಟಿಯವರ ಮುಂದೆ ಹೋಗಿ ನಿಂತೆ.

ಕಮಿಟಿಯ ಅಧ್ಯಕ್ಷ ಸುರುಳಿ. ದೊಡ್ಡ ಮಾವನ ಮೊಮ್ಮಗ, ನನ್ನನ್ನು ಅತ್ತೆ ಅನ್ನುತ್ತಾನೆ. ಕೆಟ್ಟವನಲ್ಲ. ಕುರ್ಚಿ ಹಾಕಿಸಿದ, ಫ್ಯಾನ್ ನನ್ನ ಕಡೆ ತಿರುಗಿಸಿದ, ಮಜ್ಜಿಗೆ ತರಿಸಿದ. ನಾನು ಎಲ್ಲ ಹೇಳಿದೆ. ಚಿತ್ರ ನನ್ನದು, ಶಾಲೆಯ ಪುಸ್ತಕ ನೋಡಿ ಕಾಪಿ ಹೊಡೆದದ್ದು, ಗಡ್ಡ ನನ್ನ ಕೈಚಳಕ, ಹಸಿರು ಪ್ರೆಸ್ಸಿನವರದ್ದು, ಹಾಡಿನಲ್ಲಿ ಅರಸನಿಗೆ ಕುಲವೂ ಇಲ್ಲ ದೇವರೂ ಇಲ್ಲ. ಇದನ್ನು ಗೋಡೆಗೆ ಹಾಕಬೇಡಿ, ಎದುರು ಮನೆಯವರು ನಮ್ಮವರು.

ಯಾರೂ ನಗಲಿಲ್ಲ, ಬೈಯಲೂ ಇಲ್ಲ. ಸುರುಳಿ ಸ್ವಲ್ಪ ಹೊತ್ತು ನೆಲ ನೋಡಿದ. ಆಮೇಲೆ ತುಂಬಾ ಮೃದುವಾಗಿ ಹೇಳಿದ:

"ಅತ್ತೆ, ನೀವು ಬರ್ದಿರಬೌದು. ಬರೆಸ್ದವ್ರು ಯಾರು? ಅಮ್ಮ ತಾನೆ?"

ಪಕ್ಕದವರು ಕೆನ್ನೆ ಬಡಿದುಕೊಂಡರು. ಒಬ್ಬರು ಎದ್ದು ನನ್ನ ಕಾಲಿಗೇ ಬಿದ್ದರು! ಕುದುರೆ ಬರೆಯಲು ಬಾರದವಳ ಕೈಯಿಂದ ಕುದುರೆ ಬರೆಸಿದವಳು ಇನ್ಯಾರು ಎಂದು ಅವರವರಲ್ಲೇ ಮಾತಾಯಿತು. ಐದು ನಿಮಿಷದಲ್ಲಿ ತೀರ್ಮಾನವೂ ಆಯಿತು. ಗೋಡೆಯ ಕೆಳಗೆ ನನ್ನ ಹೆಸರು ಹಾಕುವುದು, ಶುಕ್ರವಾರ ಮೊದಲ ಬಣ್ಣ ನನ್ನ ಕೈಯಿಂದಲೇ ಹಚ್ಚಿಸುವುದು.

ತಪ್ಪೊಪ್ಪಿಗೆಗೆ ಹೋದವಳು ಸನ್ಮಾನ ಹೊತ್ತುಕೊಂಡು ಬಂದೆ. ಇಂಥದ್ದು ನಿಮಗೆ ಯಾವತ್ತಾದರೂ ಆಗಿದೆಯೇ?

ಗುರುವಾರ ಟ್ರಂಕ್ ತೆಗೆದೆ. ಆ ಪುಸ್ತಕ ಇನ್ನೂ ಇತ್ತು, ಬೆನ್ನು ಕಿತ್ತಿದ್ದರೂ ಆ ಪುಟ ಚೆನ್ನಾಗಿಯೇ ಇತ್ತು. ಸಾಕ್ಷಿ! ಎರಡೂ ಚಿತ್ರ ಪಕ್ಕಪಕ್ಕ ಇಟ್ಟರೆ ಕುರುಡರಿಗೂ ತಿಳಿಯುತ್ತದೆ. ಕೈಚೀಲಕ್ಕೆ ಹಾಕಿಕೊಂಡು, ಮೊದಲು ಜಮೀಲಾಗೆ ತೋರಿಸೋಣವೆಂದು ಅವಳ ಮನೆಗೆ ಹೋದೆ.

ಅವಳು ಮಂಡಿನೋವಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ಪುಟ ನೋಡಿದಳು. ಸಿಸ್ಟರ್ ಈ ಕಥೆ ಹೇಳುತ್ತಿದ್ದ ಕ್ಲಾಸಿನಲ್ಲಿ ನಾವಿಬ್ಬರೂ ಪಿಸುಗುಟ್ಟಿ ಮೊಣಕಾಲೂರಿ ನಿಂತದ್ದು ನೆನೆಸಿಕೊಂಡು ನಕ್ಕಳು. ಮತ್ತೆ ಎದುರಿನ ಗೋಡೆ ನೋಡಿದಳು. ಆಗಲೇ ಸುಣ್ಣ ಬಳಿದು, ಪೇಂಟರ್ ಇದ್ದಿಲಿನಲ್ಲಿ ಗೆರೆ ಎಳೆದಿದ್ದ. ಕುದುರೆಗಳ ಕಾಲು ಕಾಣುತ್ತಿತ್ತು. ಅವಳ ಮೊಮ್ಮಗಳು ನಿನ್ನೆ ಆ ವಿಡಿಯೋ ನೋಡಿ ಕೇಳಿದಳಂತೆ, ಆ ಕೆಟ್ಟ ರಾಜ ನಮಗೇನಾಗಬೇಕು ಅಂತ.

ನೀನೇನು ಹೇಳಿದೆ ಅಂದೆ. ಅವಳು ಪುಸ್ತಕ ಮುಚ್ಚಿ ನನ್ನ ಚೀಲಕ್ಕೆ ತಾನೇ ತುರುಕಿದಳು. ಜಮೀಲಾ ಮಾತಾಡುವುದು ತಮಿಳು, ನಾನು ನಿಮಗಾಗಿ ಕನ್ನಡದಲ್ಲಿ ಹೇಳುತ್ತೇನೆ:

"ಇದನ್ನು ಒಳಗಿಡು ಕಮಲಾ. ನಮ್ಮ ಚಿತ್ರವನ್ನು ಚರ್ಚಿನವರು ಕದ್ದರು ಅಂತ ನಿಮ್ಮವರು ಶುರುಮಾಡಿದರೆ? ನನ್ನ ಬಾಗಿಲಿಂದ ಎಬ್ಬಿಸಿದ ಕುದುರೇನ ಸಿಸ್ಟರುಗಳ ಬಾಗಿಲಲ್ಲಿ ಕಟ್ಟಬೇಡ."

ಇದು ನನಗೆ ಹೊಳೆದೇ ಇರಲಿಲ್ಲ. ಕಾನ್ವೆಂಟಿನಲ್ಲಿ ಈಗಲೂ ನಾಲ್ಕು ವಯಸ್ಸಾದ ಸಿಸ್ಟರುಗಳಿದ್ದಾರೆ. ಗೇಟಿಗೆ ಒಬ್ಬ ವಾಚ್‌ಮನ್, ಅವನಿಗೂ ಕಿವಿ ಕೇಳಿಸದು. ಪುಸ್ತಕ ಮತ್ತೆ ಟ್ರಂಕಿಗೆ ಹೋಯಿತು. ಸಾಕ್ಷಿಯಿದ್ದೂ ತೋರಿಸಲಾಗದ ಸತ್ಯವನ್ನು ಏನು ಮಾಡುವುದು? ಉಪ್ಪಿನಕಾಯಿ ಹಾಕುವುದೇ?

ಶುಕ್ರವಾರ ಬೆಳಗ್ಗೆ ಏಳಕ್ಕೆ ಕರೆದುಕೊಂಡು ಹೋಗಲು ಬಂದರು. ನಾನು ರೇಷ್ಮೆ ಸೀರೆ ಉಟ್ಟು ಹೋದೆ, ಗಲ್ಲಿಗೆ ಹೋಗುವವಳ ಹಾಗೆ. ಗೋಡೆಯ ಮುಂದೆ ಜನ. ತಟ್ಟೆಯಲ್ಲಿ ಹೂ, ಅರಿಶಿನ, ಹೊಸ ಬ್ರಷ್ಷು. ಮೇಘನಾ ಕ್ಯಾಮೆರಾ ಹಿಡಿದು ತುದಿಗಾಲಲ್ಲಿ ನಿಂತಿದ್ದಳು. ಎದುರಿನ ಅಕ್ಕಿ ಅಂಗಡಿ ಆ ಹೊತ್ತಿಗೆ ಯಾವಾಗಲೂ ತೆಗೆದಿರುತ್ತದೆ. ಅವತ್ತು ಶಟರ್ ಅರ್ಧಕ್ಕೆ ಇಳಿದಿತ್ತು.

ಸುರುಳಿ ಬ್ರಷ್ಷನ್ನು ಹಸಿರು ಬಣ್ಣದಲ್ಲಿ ಅದ್ದಿ ನನ್ನ ಕೈಗಿತ್ತ.

ಓದುಗರೇ, ಇಲ್ಲಿಂದ ಮುಂದಿನದನ್ನು ಹೇಳಲು ನಾಚಿಕೆಯಾಗುತ್ತದೆ. ನಾನು ಸೈನ್ಸ್ ಟೀಚರಲ್ಲದಿದ್ದರೂ ಜೀವನವಿಡೀ ಮಕ್ಕಳಿಗೆ ಹೇಳಿದ್ದು ಒಂದೇ: ಕಂಡದ್ದನ್ನು ಕಂಡೆ ಅನ್ನು, ಕಾಣದ್ದನ್ನು ಕಂಡೆ ಅನ್ನಬೇಡ. ನಮ್ಮ ಮನೆಯಲ್ಲಿ ಯಾರಾದರೂ ಮೈಮೇಲೆ ದೇವರು ಬಂತು ಅಂದರೆ ನಾನು ಎದ್ದು ಹೋಗುವವಳು.

ಬ್ರಷ್ ಕೆಳಗಿಟ್ಟೆ. ನನ್ನ ಬಾಯಿಂದ ಬಂದದ್ದು ಮನೆಯ ಮಾತು, ನಮ್ಮಜ್ಜಿಯ ಮಾತು:

"ಸುರುಳಿ, ಅಮ್ಮ ಕನಸ್ಗೆ ಬಂದಿದ್ಲು. ನನ್ ಮಕ್ಳ ಓಡ್ಸ್ಕೊಂಡ್ ಬಂದವ್ನಿಗೆ ನನ್ ಗೋಡೆ ಮೇಲ್ ಯಾಕೆ ಜಾಗ ಕೊಡ್ತೀಯೆ ಅಂದ್ಲು."

ಕುಮಿಳಿಗೆ ಹೋಗುವ ಜೀಪೊಂದು ಹಾರನ್ ಹೊಡೆಯುತ್ತ ಹೋಯಿತು.

ಬುಧವಾರ ನಿಜ ಹೇಳಿದಾಗ ನೆಲ ನೋಡಿದ ಮನುಷ್ಯ ಈಗ ನನ್ನ ಮುಖ ನೋಡಿದ. ಸುಳ್ಳು ಹಿಡಿದುಬಿಟ್ಟ ಅಂದುಕೊಂಡೆ. ಅವನು ಪೂಜಾರಿಯ ಕಡೆ ತಿರುಗಿ ಒಂದೇ ಮಾತು ಅಂದ: "ಊ ಕೇಳಿ."

ಹೂ ಕೇಳುವುದು ನಮ್ಮ ಗುಡಿಯ ಪದ್ಧತಿ. ಅದಿಲ್ಲದೆ ಒಂದು ಕಲ್ಲೂ ಅಲುಗುವುದಿಲ್ಲ. ಒಂದೇ ಥರದ ಎರಡು ಎಲೆಯ ಪೊಟ್ಟಣ ಕಟ್ಟುತ್ತಾರೆ, ಒಂದರಲ್ಲಿ ಬಿಳಿ ಹೂ, ಒಂದರಲ್ಲಿ ಕೆಂಪು. ಅಮ್ಮನ ಪಾದದ ಬಳಿ ಇಟ್ಟು, ಏನೂ ಅರಿಯದ ಮಗುವಿನಿಂದ ಒಂದನ್ನು ಎತ್ತಿಸುತ್ತಾರೆ. ಬಿಳಿ ಬಂದರೆ ಅಮ್ಮನ ಒಪ್ಪಿಗೆ. ಕೆಂಪು ಬಂದರೆ ಆ ಮಾತು ಅಲ್ಲಿಗೇ ಮುಗಿಯಿತು. ಮುಗಿಯುವುದಷ್ಟೇ ಅಲ್ಲ, ನನ್ನ ವಿಷಯದಲ್ಲಿ ಅಮ್ಮನ ಹೆಸರಲ್ಲಿ ಸುಳ್ಳು ಹೇಳಿದವಳೆಂದಾಗುತ್ತದೆ. ಆಮೇಲೆ ಆ ಗೋಡೆಯ ಬಗ್ಗೆ ನಾನು ಉಸಿರೆತ್ತುವ ಹಾಗಿಲ್ಲ, ಬೇರೆ ಯಾರೂ ಎತ್ತುವ ಹಾಗಿಲ್ಲ. ಕುದುರೆಗಳಿಗೆ ಅಮ್ಮನದೇ ಸಹಿ ಬಿದ್ದ ಹಾಗೆ.

ಫಿಫ್ಟಿ ಫಿಫ್ಟಿ. ಜಮೀಲಾಳ ಬಾಗಿಲನ್ನು ನಾನು ಒಂದು ಟಾಸ್‌ಗೆ ಒಡ್ಡಿದ್ದೆ.

ಪೂಜಾರಿಯ ಮೊಮ್ಮಗಳು, ನಾಲ್ಕು ವರ್ಷದ್ದು, ಬಾಯಲ್ಲಿ ಬೆರಳಿಟ್ಟುಕೊಂಡು ಬಂತು. ಒಂದು ಪೊಟ್ಟಣ ಮುಟ್ಟಿತು. ಬಿಟ್ಟಿತು. ಎಲ್ಲರೂ ಅಮ್ಮಾ ಅಂದರು. ನಾನು ಯಾರನ್ನು ಕರೆದೆ ಅಂತ ಕೇಳಬೇಡಿ, ಕಾನ್ವೆಂಟಿನಲ್ಲಿ ಕಲಿತದ್ದು, ಅಜ್ಜಿ ಕಲಿಸಿದ್ದು, ಜಮೀಲಾಳ ಅಮ್ಮ ಹೇಳುತ್ತಿದ್ದದ್ದು ಎಲ್ಲ ಕಲಸಿ ಬಂತು. ಮಗು ಇನ್ನೊಂದನ್ನು ಎತ್ತಿ ತಾತನ ಕೈಗೆ ಕೊಟ್ಟು ಓಡಿಹೋಯಿತು.

ಪೂಜಾರಿ ದಾರ ಬಿಚ್ಚಲು ಎಷ್ಟು ಹೊತ್ತು ಮಾಡಿದರು ಅಂತೀರಿ!

ಬಿಳಿ.

ಹತ್ತು ನಿಮಿಷದಲ್ಲಿ ಪೇಂಟರ್ ಒದ್ದೆ ಬಟ್ಟೆಯಿಂದ ಕುದುರೆಗಳನ್ನು ಒರೆಸಿಬಿಟ್ಟ. ಈಗ ಗೋಡೆಯ ಮೇಲೆ ಹೊಳೆ, ಹೊಂಗೆ ಮರ, ದನ, ಜನ ಅಷ್ಟೇ. ದೂರದ ದಡ ಖಾಲಿ. ಸುರುಳಿ ನನಗೆ ಶಾಲು ಹೊದಿಸಿದ. ಫೋನಿನಲ್ಲಿ ಓಡಾಡೋ ಆ ವಿಡಿಯೋನೂ ತೆಗೆಸಿಹಾಕಪ್ಪಾ ಅಂದೆ, ಅಮ್ಮನೇ ಬೇಡ ಅಂದ್ಮೇಲೆ ಮುಗೀತು ಅತ್ತೆ ಅಂದು ಹುಡುಗರಿಗೆ ಅಲ್ಲೇ ಫೋನ್ ಮಾಡಿದ. ನಿಜಕ್ಕೆ ಕಿವಿಗೊಡದವರು ಸುಳ್ಳಿಗೆ ಕೈಮುಗಿದರು. ಮನೆಗೆ ಬಂದು, ಶಾಲು ತೆಗೆಯದೆ, ಸೋಫಾ ಮೇಲೆ ಕೂತು ಅತ್ತುಬಿಟ್ಟೆ. ಖುಷಿಗೋ ಭಯಕ್ಕೋ ಗೊತ್ತಾಗಲಿಲ್ಲ.

ಮೇಘನಾಗೆ ಮಧ್ಯಾಹ್ನ ಎಲ್ಲ ಹೇಳಿಬಿಟ್ಟೆ. ಪುಸ್ತಕವನ್ನೂ ತೋರಿಸಿದೆ. ಅವಳು ನೋಟ್ಸಿನಲ್ಲಿ ಮುನ್ನೂರು ವರ್ಷ ಹೊಡೆದುಹಾಕಿದಳು, ಪಾಪ. ಹೆಸರು ಊರು ಹಾಕದೆ ಬರೆಯುತ್ತೇನೆ ಅಂದಿದ್ದಾಳೆ. ನಾನೂ ಇಲ್ಲಿ ಧೈರ್ಯವಾಗಿ ಬರೆಯುತ್ತಿದ್ದೇನೆ ಅಂದರೆ ಕಾರಣ ನಿಮಗೆ ಗೊತ್ತು. ನಮ್ಮೂರಲ್ಲಿ ಈ ಅಕ್ಷರ ಓದುವವರು ಯಾರೂ ಇಲ್ಲ. ನಿಮ್ಮ ಮುಂದೆ ಮಾಡಿದ್ದು ತಪ್ಪೊಪ್ಪಿಗೆಯೋ ಹೇಡಿತನವೋ, ನೀವೇ ತೀರ್ಮಾನಿಸಿ.

ಅಕ್ಕಿ ಅಂಗಡಿಯ ಶಟರ್ ಈಗ ಪೂರ್ತಿ ಮೇಲಿದೆ. ಆದರೂ ನನಗೆ ನಿದ್ದೆಯಿಲ್ಲ. ಗೋಡೆಯ ಮೇಲೆ ಏನಿರಬೇಕೆಂಬುದನ್ನು ಕನಸು ಕಂಡವರು ಹೇಳಬಹುದು ಅಂತ ನಾನೇ ದಾರಿ ತೋರಿಸಿಕೊಟ್ಟೆನಲ್ಲ.

ನಾಳೆ ಇನ್ಯಾರದೋ ಕನಸಿಗೆ ಆ ಕುದುರೆಗಳು ವಾಪಸ್ ಬಂದು, ಹೂವೂ ಬಿಳಿಯದೇ ಬಂದರೆ, ಬೇಡ ಅನ್ನಲು ನನಗೆ ಬಾಯಿ ಎಲ್ಲಿದೆ?